ಮಾದಾಪುರದ ಮುಖ, ಎಲ್ಲಿಯದೋ ಕಾಫಿ

೨೦೨೨ರಲ್ಲಿ ನಾನು ಕುಶಾಲನಗರದ ಒಂದು ಸಣ್ಣ ಕಂಪನಿಗೆ ಬ್ಲಾಕ್‌ಚೈನ್ ಡೆವಲಪರ್ ಆಗಿ ಸೇರಿದೆ. ಅದಕ್ಕೆ ಮೊದಲು ಹಲವು ವರ್ಷ ಹೋಮ್‌ಸ್ಟೇಗಳಿಗೆ ವೆಬ್‌ಸೈಟ್ ಮಾಡಿಕೊಟ್ಟವಳು. ಹೊಳೆ ಎಲ್ಲೋ ದೂರವಿದ್ದರೂ ‘ನದಿ ದಂಡೆಯ ಕೊಠಡಿ’ ಎಂದು ಹಾಕಬೇಕಿತ್ತು. ಅತಿಥಿಗಳು ಜಗಳ ತೆಗೆದರೆ ಮರುದಿನ ಆ ಸಾಲು ಮಾಯವಾಗಬೇಕಿತ್ತು. ಅದು ಸಾಕಾಗಿತ್ತು. ಬ್ಲಾಕ್‌ಚೈನ್‌ನಲ್ಲಿ ಒಂದೇ ಮಾಹಿತಿಯ ಪ್ರತಿಗಳು ಹಲವು ಕಂಪ್ಯೂಟರ್‌ಗಳಲ್ಲಿ ಇರುವುದರಿಂದ ಯಾರೊಬ್ಬರೂ ಗುಟ್ಟಾಗಿ ತಿದ್ದಲಾರರು. ಆ ಗುಣಕ್ಕೆ ಮನಸೋತು ನಲವತ್ತರ ಹೊಸ್ತಿಲಲ್ಲಿ ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿತೆ.

ಪ್ಯಾಕೆಟ್ಟಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಕಾಫಿ ಯಾರ ತೋಟದ್ದೆಂದು ತೋರಿಸುವುದು ನಮ್ಮ ಕೆಲಸ. ನಾನು ಸೇರಿದ ಮೇಲೆ ಒಂದು ನಿಯಮವನ್ನು ಪ್ರೋಗ್ರಾಮಿನಲ್ಲೇ ಬರೆದೆ: ಯಾವುದೇ ಹೊಸ ಲಾಟ್, ಎಂದರೆ ಒಂದು ಕಂತಿನ ಕಾಫಿ, ದಾಖಲಾಗಲು ಮ್ಯಾನೇಜರ್ ಮತ್ತು ನಾನು, ಇಬ್ಬರೂ ಡಿಜಿಟಲ್ ಸಹಿ ಹಾಕಬೇಕು.

ಕಾಫಿಗಿಡ ಹೂ ಬಿಡಿಸುವ ಹೂಮಳೆ ಬಿದ್ದ ವಾರ ದೇವಕಕ್ಕ ಕಚೇರಿಗೆ ಬಂದರು. ಮಾದಾಪುರದ ಮಹಿಳಾ ಬೆಳೆಗಾರರ ಸಂಘದ ಅಧ್ಯಕ್ಷೆ. ಕೈಯಲ್ಲಿ ನಮ್ಮ ಪ್ಯಾಕೆಟ್. ಅದನ್ನು ಸ್ಕ್ಯಾನ್ ಮಾಡಿದರೆ ಬರುತ್ತಿದ್ದುದು ಅವರದೇ ನಗುಮುಖ, ಅವರ ತೋಟದ ಕಥೆ.

“ಮುಖ ನಂದೇ. ಕಾಫಿ ನಂದಲ್ಲ. ನಿಮಗೆ ನಾನು ಒಂದು ಕಾಳೂ ಕೊಟ್ಟಿಲ್ಲ,” ಎಂದರು. “ನಿಮ್ಮ ಜೊತೆ ಸೇರೋದು ಬೇಡ ಅಂತ ಸಂಘದಲ್ಲಿ ತೀರ್ಮಾನ ಆಗಿತ್ತು. ಈಗ ನೋಡಿ, ನಾನೇ ಹಿಂದಿಂದ ಒಪ್ಕೊಂಡಿದೀನಿ ಅಂತ ಎಲ್ರೂ ಮಾತು ಬಿಟ್ಟಿದಾರೆ.”

ನಮ್ಮ ಕಂಪನಿಯವರು ಯಾವುದೋ ತರಬೇತಿಯ ದಿನ ತೆಗೆದ ಫೋಟೊ ಅದು. ನಾನು ಸೇರುವ ಮೊದಲೇ, ಎಲ್ಲೆಲ್ಲಿಂದಲೋ ಕೊಂಡು ಬೆರೆಸಿದ ಕಾಫಿಗೆ ಅಂಟಿಸಿಬಿಟ್ಟಿದ್ದರು.

ಮ್ಯಾನೇಜರ್ ಮುಗುಳ್ನಕ್ಕರು. “ಏನ್ಮಾಡೋದಮ್ಮ, ಬ್ಲಾಕ್‌ಚೈನ್‌ಗೆ ಹೋದದ್ದನ್ನ ದೇವರು ಬಂದ್ರೂ ಅಳಿಸೋಕಾಗಲ್ಲ. ಟೆಕ್ನಾಲಜಿನೇ ಹಾಗೆ.”

ನನ್ನ ಮೈ ಉರಿಯಿತು. ಯಾವ ಗುಣವನ್ನು ನಂಬಿ ಹಳೆಯ ಕೆಲಸ ಬಿಟ್ಟಿದ್ದೆನೋ ಅದನ್ನೇ ಈತ ಮೋಸಕ್ಕೆ ಮುಚ್ಚಳ ಮಾಡುತ್ತಿದ್ದ! ಆ ಮಾತೂ ಪೂರ್ತಿ ನಿಜವಲ್ಲ. ಫೋಟೊ, ಕಥೆ ಎಲ್ಲ ಇದ್ದದ್ದು ಒಂದು ಮಾಮೂಲಿ ವೆಬ್ ಪುಟದಲ್ಲಿ, ನಮ್ಮದೇ ಸರ್ವರ್‌ನಲ್ಲಿ. ಅಂಥ ಪುಟಗಳನ್ನು ಮಾಡಿಯೇ ನಾನು ಅಷ್ಟು ವರ್ಷ ಹೊಟ್ಟೆ ಹೊರೆದದ್ದು. ಬ್ಲಾಕ್‌ಚೈನ್‌ನಲ್ಲಿದ್ದದ್ದು ಊರು, ತೋಟದ ಹೆಸರು ಮಾತ್ರ. ಅದನ್ನು ಅಳಿಸಲಾಗದು ನಿಜ. ಆದರೆ ಎಲ್ಲರಿಗೂ ಕಾಣುವಂತೆ ತಿದ್ದುಪಡಿ ಸೇರಿಸಬಹುದು.

“ಫೋಟೊ ಈಗಲೇ ತೆಗೆದುಹಾಕಬಹುದು ಸರ್,” ದೇವಕಕ್ಕನ ಎದುರೇ ಹೇಳಿದೆ.

ಮ್ಯಾನೇಜರ್ ನನ್ನನ್ನು ಒಳಗೆ ಕರೆದರು. “ಪ್ರಮೀಳಾ, ಒಂದು ಫೋಟೊಗೆ ಇಷ್ಟು ರಾದ್ಧಾಂತನಾ? ಊರ ಹೆಂಗಸರು ನಾಲ್ಕು ದಿನ ಆಡ್ಕೋತಾರೆ, ಮರೀತಾರೆ.”

“ತಿದ್ದುಪಡಿ ಹಾಕೋವರೆಗೂ ಯಾವ ಲಾಟ್‌ಗೂ ನನ್ನ ಸಹಿ ಇಲ್ಲ.”

ಮೊದಲು ಗದರಿಸಿದರು, ಆಮೇಲೆ ಪುಸಲಾಯಿಸಿದರು. ದಾಖಲಾಗದೆ, ರಫ್ತಿಗೆ ಸಿದ್ಧವಾಗಿದ್ದ ಸರಕು ಗೋದಾಮಿನಲ್ಲೇ ಕುಳಿತಿತ್ತು. ಕೊಳ್ಳುವವರಿಂದ ಫೋನ್ ಮೇಲೆ ಫೋನ್ ಬಂದಾಗ ಮ್ಯಾನೇಜರ್ ಒಪ್ಪಿಕೊಂಡರು. ಪುಟದಿಂದ ಫೋಟೊ ತೆಗೆದುಹಾಕಿದೆ. ತಿದ್ದುಪಡಿಯನ್ನು ನಾನೇ ಟೈಪ್ ಮಾಡಿದೆ: “ಈ ಕಾಫಿ ಮಾದಾಪುರದ್ದಲ್ಲ. ತೋಟದ ಹೆಸರು, ಬೆಳೆಗಾರ್ತಿಯ ಚಿತ್ರವನ್ನು ಒಪ್ಪಿಗೆಯಿಲ್ಲದೆ ಬಳಸಲಾಗಿತ್ತು.”

ಮುಂದಿನ ಸಂಘದ ಸಭೆಗೆ ಹೋಗಿ ಅದನ್ನು ಎಲ್ಲರಿಗೂ ತೋರಿಸಿದೆ. ತೀರಾ ಮುನಿಸಿಕೊಂಡಿದ್ದ ಹೆಂಗಸೊಬ್ಬರು ಎರಡು ಸಲ ಓದಿ, ಬೆಂಚಿನಲ್ಲಿ ಸರಿದು ದೇವಕಕ್ಕನಿಗೆ ಜಾಗ ಬಿಟ್ಟರು. ದೇವಕಕ್ಕ ಕೂರಲಿಲ್ಲ.

“ತಪ್ಪಾಯ್ತು ಅಂತ ಯಾರು ಹೇಳ್ತಾರೆ ಪ್ರಮೀಳಾ? ಕಂಪ್ಯೂಟರಾ?”

ಕಂಪನಿಯಿಂದ ಯಾರೂ ಹೇಳಲಿಲ್ಲ. ನನ್ನ ಕೆಲಸದ ಕರಾರನ್ನು ಮುಂದುವರಿಸಲೂ ಇಲ್ಲ. ಈಗ ಬೆಳೆಗಾರರ ಸಂಘಗಳಿಗೇ ಇಂಥ ವ್ಯವಸ್ಥೆ ಕಟ್ಟಿಕೊಡುತ್ತೇನೆ. ಬೆಳೆದವರ ಸಹಿ ಇಲ್ಲದೆ ಅಲ್ಲಿ ಒಂದು ಚೀಲವೂ ದಾಖಲಾಗದು. ಸುಳ್ಳು ತುಂಬಿದರೆ ಬ್ಲಾಕ್‌ಚೈನ್ ಸುಳ್ಳನ್ನೇ ಜೋಪಾನ ಮಾಡುತ್ತದೆ, ಅದಕ್ಕೆ ಸತ್ಯ-ಸುಳ್ಳಿನ ಭೇದವಿಲ್ಲ. ‘ಟೆಕ್ನಾಲಜಿ ಬಿಡುವುದಿಲ್ಲ’ ಎಂದು ಯಾರಾದರೂ ಕೈಚೆಲ್ಲಿದರೆ ನಾನು ಇಂದಿಗೂ ಕೇಳುವುದು ಒಂದೇ: ಬಿಡದಿರುವುದು ಟೆಕ್ನಾಲಜಿಯೋ, ನೀವೋ?