ಟ್ರ್ಯಾಕ್ಟರಿನ ಮೂತಿಗೆ ಕಟ್ಟಿದ ರವಿಕೆ ಕಣ

ನನ್ನ ಮೈದುನ ಗಂಗಯ್ಯ ಟ್ರ್ಯಾಕ್ಟರ್ ಮೇಲೆ ಕೂತರೆ ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿಕೊಂಡೇ ಇರುತ್ತಿದ್ದ. ಎದುರಿಗೆ ಬಂದವರು ಇವನಿಗೆ ನಮ್ಮ ಮೇಲೆ ಏನೋ ಮುನಿಸು ಅಂದುಕೊಳ್ಳುತ್ತಿದ್ದರು. ಮುನಿಸಲ್ಲ. ಅವನ ಎಡಗಣ್ಣು ಹೋಗಿತ್ತು. ಬಲಗಣ್ಣೊಂದರಲ್ಲೇ ರಸ್ತೆಯ ಎರಡು ಅಂಚೂ ಕಾಣಬೇಕಾದರೆ ಹಾಗೆ ತಿರುಗಲೇಬೇಕು.

ನಾನು ಈ ಮನೆಗೆ ಮದುವೆಯಾಗಿ ಬಂದಾಗ ನನಗೆ ಹದಿನಾರು, ಅವನಿಗೆ ಆರು. ನಮ್ಮತ್ತೆ ತೀರಿಕೊಂಡು ವರ್ಷ ತುಂಬಿರಲಿಲ್ಲ. ತಲೆ ತುಂಬ ಹೇನು, ಮೊಣಕಾಲ ತುಂಬ ಗಾಯ. ಮೊದಲ ದಿನವೇ ನನ್ನ ಸೆರಗು ಹಿಡಿದುಕೊಂಡ. ನಾನೇ ನೀರು ಹುಯ್ದೆ, ನಾನೇ ಮುದ್ದೆ ಮುರಿದು ಉಣ್ಣಿಸಿದೆ. ನನ್ನ ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲ, ಹಾಗಾಗಿ ಅವನೇ ಮಗ. ಆಮೇಲೆ ಅವನಿಗೆ ಮದುವೆಯಾಗಿ ಸಣ್ಣಕ್ಕ ಬಂದಳು, ನಾಗೇಶ ಹುಟ್ಟಿದ. ನನ್ನ ಯಜಮಾನರೂ ಹೋದರು. ಆದರೂ ಗಂಗಯ್ಯ ನನ್ನ ಮಾತಿಗೆ ಒಂದು ದಿನ ಎದುರು ಹೇಳಿದವನಲ್ಲ. ಊರವರ ಮುಂದೆ ಅದನ್ನು ನಾನು ಹೇಳಿಕೊಂಡು ತಿರುಗುತ್ತಿದ್ದೆ.

ನಮ್ಮೂರು ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯಲ್ಲಿ, ನಾಲೆ ಏರಿಯ ಪಕ್ಕದಲ್ಲಿದೆ. ಗಂಗಯ್ಯ ಇಪ್ಪತ್ತಾರು ವರ್ಷ ರಂಗಸ್ವಾಮಿಗೌಡರ ಟ್ರ್ಯಾಕ್ಟರ್ ಓಡಿಸಿದ. ಎಡಗಣ್ಣು ಹೋದದ್ದೂ ಅವರ ಮನೆಯ ಕೆಲಸದಲ್ಲೇ. ರಾಗಿ ಒಕ್ಕುವ ಮಿಷಿನ್ನು ಒಂದು ಕಡ್ಡಿಯನ್ನು ಎಸೆಯಿತು, ಅದು ನೆಟ್ಟಗೆ ಕಣ್ಣಿಗೆ ಹೊಕ್ಕಿತು. ಮೂರನೇ ದಿನಕ್ಕೆ ಹಾಸನಕ್ಕೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ನನ್ನನ್ನು ತಾಯಿ ಅಂದುಕೊಂಡು, ಉಳಿದಿರುವ ಕಣ್ಣನ್ನು ಕಾಪಾಡಿಕೊಳ್ಳಮ್ಮ, ಅದಕ್ಕೂ ಏನಾದರೂ ಆದರೆ ನನ್ನ ಕೈಲೂ ಏನೂ ಆಗಲ್ಲ ಅಂದರು. ಕಾಪಾಡುತ್ತೇನೆ ಸಾ ಅಂದು ಕೈ ಮುಗಿದು ಬಂದಿದ್ದೆ.

ಸ್ವಂತದ್ದೊಂದು ಗಾಡಿ ಮಾಡಬೇಕು ಅನ್ನುವುದು ಅವನ ಬಹಳ ವರ್ಷದ ಆಸೆ. ನಾಲ್ಕು ವರ್ಷದ ಹಿಂದೆ, ಐವತ್ತೆಂಟು ದಾಟಿದ ಮೇಲೆ, ಅದು ಕೈಗೂಡಿತು. ಚನ್ನರಾಯಪಟ್ಟಣದ ಹತ್ತಿರ ತೆಂಗಿನ ತೋಟದವರೊಬ್ಬರು ಹಳೇ ಟ್ರ್ಯಾಕ್ಟರ್ ಮಾರುತ್ತಾರೆ ಅಂತ ಗೊತ್ತಾಯಿತು. ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ ಅಂತ ಫೋನಿನಲ್ಲಿ ಹೇಳಿ, ಮೊದಲನೇ ಬಸ್ಸಿಗೆ ಹೋದ. ಹೋದವನೇ ಇಂಜಿನ್ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. ಕಾದ ಇಂಜಿನ್ನು ತನ್ನ ರೋಗ ಮುಚ್ಚಿಡುತ್ತದೆ ಅಂತ ವಾಪಸ್ಸು ಬಂದುಬಿಟ್ಟ. ಮಾರನೇ ದಿನ ಹೇಳದೆ ಕೇಳದೆ ಮತ್ತೆ ಹೋದ. ಈ ಸಲ ಇಂಜಿನ್ ತಣ್ಣಗಿತ್ತು. ಆಗ ರೇಡಿಯೇಟರಿನ ಮುಚ್ಚಳ ತೆಗೆದು, ನೀರಿನ ಮೇಲೆ ಎಣ್ಣೆ ತೇಲುತ್ತಿದೆಯೋ ಅಂತ ನೋಡಿದನಂತೆ. ಆಯಿಲ್ ಕಡ್ಡಿ ಎಳೆದು ಬೆರಳಲ್ಲಿ ಉಜ್ಜಿದನಂತೆ. ನೀರು ಸೇರಿದ್ದರೆ ಆಯಿಲು ಮಜ್ಜಿಗೆ ಬಣ್ಣಕ್ಕೆ ತಿರುಗುತ್ತದೆ, ಅಂಥ ಗಾಡಿಯನ್ನು ಪುಕ್ಕಟೆ ಕೊಟ್ಟರೂ ತರಬಾರದು ಅನ್ನುತ್ತಿದ್ದ. ಇದರಲ್ಲಿ ಆಯಿಲು ಕಪ್ಪಗಿತ್ತು, ಅಷ್ಟೆ. ರೇಡಿಯೇಟರಿನ ನೀರು ಮಾತ್ರ ಕೆಂಪು ತುಕ್ಕು.

ತಂದ ಮೇಲೆ ಮೂರು ವಾರ ಕೆಲಸಕ್ಕೆ ಹೂಡಲಿಲ್ಲ. ಹೊಳೆನರಸೀಪುರದ ಮೆಕ್ಯಾನಿಕ್ ಬಸವರಾಜು ಬಂದು ರೇಡಿಯೇಟರನ್ನು ಬಿಚ್ಚಿ ಅಂಗಳದಲ್ಲಿ ಗೋಣಿಚೀಲದ ಮೇಲೆ ಮಲಗಿಸಿದ. ಎಷ್ಟೋ ವರ್ಷ ಬೋರ್‌ವೆಲ್ ನೀರನ್ನೇ ಹುಯ್ದಿದ್ದರಿಂದ ಒಳಗೆಲ್ಲ ಬಿಳಿ ಕರೆ, ನಮ್ಮ ಸ್ನಾನದ ಹಂಡೆಯೊಳಗೆ ಕಟ್ಟುತ್ತದಲ್ಲ, ಹಾಗೆ. ಸೋಡಾ ಕರಗಿಸಿದ ಬಿಸಿನೀರು ತುಂಬಿ, ಅಲ್ಲಾಡಿಸಿ, ಚೆಲ್ಲಿ, ಮತ್ತೆ ತುಂಬಿ ತೊಳೆದರು. ಅದರ ಮುಖದಲ್ಲಿ ಜೇನುತಟ್ಟಿನ ಹಾಗೆ ತೆಳ್ಳಗಿನ ತಗಡುಗಳಿವೆ. ಅವು ಮಡಚಿಕೊಂಡು ಸಂದಿಯೆಲ್ಲ ಮುಚ್ಚಿಹೋಗಿದ್ದವು. ಗಂಗಯ್ಯ ಒಂದು ಕಡೆ, ನಾನು ಒಂದು ಕಡೆ ಕೂತು ಪೊರಕೆಕಡ್ಡಿಯಲ್ಲಿ ಒಂದೊಂದನ್ನೇ ನೇರ ಮಾಡಿದೆವು. ಎರಡು ದಿನ ಹಿಡಿಯಿತು. ಆಗ ಅವನು ಹೇಳಿದ್ದು ನನಗೆ ಅಕ್ಷರಕ್ಕಕ್ಷರ ನೆನಪಿದೆ.

"ನೋಡಿ ಅತ್ಗೆ, ಮನ್ಸ ಮೂಗಿಂದ ಉಸ್ರಾಡಂಗೆ ಇದು ಮೂತಿಂದ ಉಸ್ರಾಡ್ತದೆ. ಈ ಸಂದೀಲಿ ಗಾಳಿ ಓಗ್ನಿಲ್ಲ ಅಂದ್ರೆ ಒಳಗ್ ಎಷ್ಟ್ ನೀರಿದ್ರೂ ಕುದ್ದೋಯ್ತದೆ."

ಆಮೇಲೆ ಫ್ಯಾನ್ ಬೆಲ್ಟ್ ಹೊಸದು, ನೀರಿನ ಪೈಪು ಹೊಸದು. ಬೋರ್ ನೀರಿನ ಬದಲು ಹಸಿರು ಬಣ್ಣದ ಕೂಲೆಂಟ್ ಹಾಕಿದರು. ಕಸ ಹೊಗದಿರಲಿ ಅಂತ ಮೂತಿಯ ಮುಂದೆ ಸಣ್ಣ ಕಣ್ಣಿನ ಜಾಲರಿ ಕೂರಿಸಿದರು. ಟ್ರೈಲರಿಗೆ ಮಣ್ಣು ತುಂಬಿಕೊಂಡು ಏರಿಯ ದಿಬ್ಬವನ್ನು ಮೂರು ಸಲ ಹತ್ತಿಸಿ ನೋಡಿದ. ಬಿಸಿ ತೋರಿಸುವ ಮುಳ್ಳು ಅರ್ಧ ದಾಟಲಿಲ್ಲ. ಇಳಿದು ಬಂದು ನನ್ನ ಮುಂದೆ ಬೀಡಿ ಹಚ್ಚಿದ. ಅವನು ನನ್ನ ಮುಂದೆ ಬೀಡಿ ಸೇದಿದ್ದು ಅದೊಂದೇ ಸಲ.

ನಾಗೇಶನಿಗೆ ಒಂದು ಮಾತು ಮಾತ್ರ ದಿನಾ ಹೇಳುತ್ತಿದ್ದ. ಗಾಡಿ ಕಾದಾಗ ರೇಡಿಯೇಟರಿನ ಮುಚ್ಚಳ ಮುಟ್ಟಬಾರದು, ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಆಫ್ ಮಾಡಿ, ನೆರಳಲ್ಲಿ ಕೂತು, ಎರಡು ಸಲ ಎಲೆಅಡಿಕೆ ಹಾಕಿ ಉಗಿದ ಮೇಲೆ ಮುಟ್ಟಬೇಕು. ಗೌಡರ ಗಾಡಿ ಓಡಿಸಿದಷ್ಟು ವರ್ಷವೂ ಅವನಿಗೆ ಅದೇ ಗಡಿಯಾರ.

ಆ ವರ್ಷದ ಆಯುಧಪೂಜೆ ಬಂತು. ಗಾಡಿಯನ್ನು ತೊಳೆದು ಅಂಗಳದಲ್ಲಿ ನಿಲ್ಲಿಸಿದ. ಸಣ್ಣಕ್ಕ ಆರತಿ ತಟ್ಟೆ ಹಿಡಿದಿದ್ದಳು. ಚೆಂಡುಹೂವು, ಸೇವಂತಿಗೆ ಸೇರಿಸಿ ತೊಡೆ ಗಾತ್ರದ ಹಾರವನ್ನು ನಾನೇ ಕಟ್ಟಿದ್ದೆ. ಮನೆಗೆ ಮೊದಲ ಸಲ ಬಂದ ಹೆಣ್ಣಿಗೆ ರವಿಕೆ ಕಣ ಕೊಡದೆ ಇರುತ್ತೇವೆಯೇ? ನಮ್ಮ ವಂಶದಲ್ಲಿ ಎತ್ತಿನ ಗಾಡಿಯೂ ಇರಲಿಲ್ಲ, ಇದು ಮೊದಲನೆಯದು. ಹಸಿರು ರವಿಕೆ ಕಣವನ್ನು ಅರಿಶಿನ ನೀರಿನಲ್ಲಿ ಅದ್ದಿ, ಜಾಲರಿಯ ಮೇಲೆ ಈ ಕಡೆಯಿಂದ ಆ ಕಡೆಗೆ ಹರಡಿ, ನಾಲ್ಕು ಮೂಲೆಗೂ ಗಂಟು ಹಾಕಿದೆ. ಅದರ ಮೇಲೆ ಹಾರ.

ಗಂಗಯ್ಯ ನೋಡುತ್ತಿದ್ದವನು, "ಅತ್ಗೆ, ಕಣವ ಮಡ್‌ಗಾರ್ಡ್‌ಗೆ ಕಟ್ಟಾನ. ಮೂತಿಗ್ ಬ್ಯಾಡ" ಅಂದ.

"ಸೊಸೆಗೆ ಕಣವ ಕಾಲ್ಗ್ ಕಟ್ತಾರೇನ್ಲಾ" ಅಂದೆ ನಾನು. "ನಾಳೆ ಸಂದೆಗಂಟ ಯಾರೂ ಮುಟ್ಬಾರ್ದು. ಮೊದ್ಲುನ್ ಪೂಜೇದು."

ಪಕ್ಕದ ಮನೆಯವರು ನಕ್ಕರು. ಅವನೂ ನಕ್ಕ. ಪೊರಕೆಕಡ್ಡಿಯಲ್ಲಿ ಆ ಸಂದಿಗಳನ್ನು ಬಿಡಿಸಿದ್ದು ಇದೇ ಕೈ. ಹಾಗಿದ್ದೂ ನನಗೆ ಹೊಳೆಯಲಿಲ್ಲ. ಅವನಿಗೆ ಹೊಳೆದಿತ್ತು. ನನ್ನ ಮಾತು ಮೀರಲಿಲ್ಲ.

ಪೂಜೆಯ ದಿನ ಗಾಡಿ ಹೂಡುವುದಿಲ್ಲ, ಮಾರನೇ ದಿನ ವಿಜಯದಶಮಿಗೆ ಮೊದಲ ಕೆಲಸ. ಅವತ್ತು ಮಧ್ಯಾಹ್ನ ರಂಗಸ್ವಾಮಿಗೌಡರಿಂದ ಕರೆ ಬಂತು. ಅವರ ಮುಸುಕಿನ ಜೋಳ ರಸ್ತೆಯ ಮೇಲೆ ಒಣಗಲು ಬಿದ್ದಿತ್ತು, ಮೋಡ ಕಟ್ಟಿತ್ತು, ಅವರ ಹೊಸ ಡ್ರೈವರು ಹಬ್ಬಕ್ಕೆ ಊರಿಗೆ ಹೋಗಿದ್ದ. ಗಂಗಯ್ಯ ನಾಗೇಶನನ್ನು ಕೂರಿಸಿಕೊಂಡು ಹೊರಟ. ಹಾರ, ಕಣ ಹಾಗೇ ಇದ್ದವು. ಮುಂದೆ ಆದದ್ದನ್ನು ನಾಗೇಶ ಹೇಳಿದ್ದು.

ಮೊದಲ ಲೋಡು ಹೇಗೋ ಮನೆ ಮುಟ್ಟಿತು. ಎರಡನೇ ಲೋಡಿಗೆ ಜೋಳದ ಸಿಪ್ಪೆ, ಧೂಳೆಲ್ಲ ಒದ್ದೆ ಹೂವಿಗೆ ಮೆತ್ತಿಕೊಂಡಿತ್ತು. ಒಳಗಿನ ಫ್ಯಾನು ಎಳೆದ ರಭಸಕ್ಕೆ ಕಣ ಜಾಲರಿಗೆ ಚರ್ಮದಂತೆ ಅಂಟಿತ್ತು. ಏರಿ ದಿಬ್ಬದ ಅರ್ಧಕ್ಕೆ ಮುಳ್ಳು ಕೆಂಪಿಗೆ ಹೋಯಿತು. ಗಂಗಯ್ಯ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಡಿಸಿ, ಇಳಿದು ಬಂದು ಮೊದಲು ಕಣವನ್ನೂ ಹಾರವನ್ನೂ ಕಿತ್ತ. ಕಣವನ್ನು ಮಡಚಿ ನಾಗೇಶನ ಕೈಗೆ ಕೊಟ್ಟು, ಟೂಲ್ ಬಾಕ್ಸಿನಲ್ಲಿ ಇಡು, ಅತ್ತಿಗೆಗೆ ಹೇಳಬೇಡ ಅಂದ. ಆಮೇಲೆ ಕೂತು ಮೊದಲ ಎಲೆಅಡಿಕೆ ಹಾಕಿದ. ಇಂಜಿನ್ ಒಳಗೆ ನೀರು ಕುದಿಯುವ ಸದ್ದು ಕೇಳುತ್ತಿತ್ತಂತೆ.

ಗೌಡರು ಬೈಕಿನಲ್ಲಿ ಬಂದರು. ಹನಿ ಶುರುವಾಗಿತ್ತು. ಗಂಗಯ್ಯ ಎದ್ದು ನಿಂತು, ಇನ್ನರ್ಧ ಗಂಟೆ ಬಿಡಿ ಗೌಡ್ರೆ, ನೀರು ತುಂಬಿಸಿಕೊಂಡು ಹೊರಡುತ್ತೇನೆ ಅಂದ.

"ನನ್ ಗಾಡಿ ಓಡುಸ್ವಾಗ ಒಂದ್ ದಿವ್ಸಾನೂ ಇಂಗ್ ನಿಂತಿರ್ನಿಲ್ವಲ್ಲೋ ಗಂಗ" ಅಂದರು ಗೌಡರು. "ಸ್ವಂತದ್ದು ಬಂದೇಟ್ಗೆ ಎಲೆಅಡ್ಕೆ ಜಾಸ್ತಿ ಆಯ್ತು. ಗಾಡಿ ಮಡ್ಗೋದು ಎಲ್ಲಾರ್ಗೂ ಆಗೋ ಕೆಲ್ಸ ಅಲ್ಲ ಬುಡು."

ಗಂಗಯ್ಯ ಬಾಯಲ್ಲಿದ್ದುದನ್ನು ಉಗಿದ. ಎರಡನೆಯದನ್ನು ಹಾಕಿಕೊಳ್ಳಲಿಲ್ಲ. ಗೋಣಿಚೀಲವನ್ನು ಒದ್ದೆ ಮಾಡಿ ಮುಚ್ಚಳದ ಮೇಲಿಟ್ಟ. ನಾಗೇಶ, ಅಪ್ಪಾ ಬೇಡ, ಅಂದದ್ದು ಕೇಳಿಸಿತೋ ಇಲ್ಲವೋ. ಕಣ್ಣು ಹೋದ ಎಡಗಡೆಯನ್ನು ಗಾಡಿಗೆ ಕೊಟ್ಟು ನಿಂತಿದ್ದರೂ ಆಗುತ್ತಿತ್ತು. ಆದರೆ ಅವನಿಗೆ ಕಾಣಬೇಕಲ್ಲ, ಅದಕ್ಕೆ ಯಾವಾಗಿನಂತೆ ಮುಖವನ್ನು ಎಡಕ್ಕೆ ತಿರುಗಿಸಿ, ಬಲಗಣ್ಣನ್ನೇ ಮುಂದೆ ಮಾಡಿ ಮುಚ್ಚಳ ತಿರುವಿದ.

ಗೌಡರದೇ ಬೈಕಿನಲ್ಲಿ ಅರಕಲಗೂಡಿಗೆ, ಅಲ್ಲಿಂದ ಹಾಸನಕ್ಕೆ. ಕತ್ತು, ಎದೆಯ ಚರ್ಮ ಬಾಳೆಹಣ್ಣಿನ ಸಿಪ್ಪೆಯಂತೆ ಬಂದಿತ್ತು. ಅದು ಎರಡು ತಿಂಗಳಲ್ಲಿ ಮಾಯಿತು. ಕಣ್ಣಿನ ಪಟ್ಟಿ ಬಿಚ್ಚಿದ ದಿನ ನಾನು ಹಾಸಿಗೆಯ ಹತ್ತಿರವೇ ಇದ್ದೆ. ಕಣ್ಣಿನ ಕರಿಗುಡ್ಡೆಯ ಮೇಲೆ ಬೇಯಿಸಿದ ಮೊಟ್ಟೆಯಂಥ ಬಿಳುಪು. ಡಾಕ್ಟರು ಬೇರೆಯವರು, ಹುಡುಗಿ. ಬೆಳಕು ಕಾಣುತ್ತಾ ಅಂತ ಕೇಳಿದಳು. ಬೆಳಗಾಗಿದೆಯಾ ಅಂತ ಅವನು ತಿರುಗಿ ಕೇಳಿದ. ಹನ್ನೊಂದು ಗಂಟೆಯ ಬಿಸಿಲು ಅವನ ಮುಖದ ಮೇಲೇ ಇತ್ತು. ದಾನದ ಕಣ್ಣು ಹಾಕಿಸಲು ಮೈಸೂರಿಗೂ ಹೋಗಿ ಬಂದೆವು. ಒಳಗಿನದೂ ಸುಟ್ಟಿದೆ, ಆಗಲ್ಲ ಅಂದರು.

ಊರಿಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಒಂದೇ ಮಾತು, "ಒಂದೇ ಎಲೆಗೆ ಮುಟ್ಬುಟ್ಟೆ ಕಣಣ್ಣ. ತೆಪ್ಪು ನಂದೇಯ."

ಗಾಡಿ ನೋಡಲು ಬಸವರಾಜು ಬಂದ. ಇಷ್ಟು ಚೆನ್ನಾಗಿ ಮಾಡಿಕೊಟ್ಟ ರೇಡಿಯೇಟರು ಯಾಕೆ ಕಾಯಿತು ಅನ್ನುವುದು ಅವನ ತಲೆಗೆ ಹೋಗುತ್ತಿರಲಿಲ್ಲ. ಸ್ಪ್ಯಾನರಿಗೆ ಅಂತ ಟೂಲ್ ಬಾಕ್ಸಿಗೆ ಕೈ ಹಾಕಿದ. ಹಸಿರು ಕಣ ಬಂತು. ಅದರ ಮೇಲೆ ಜಾಲರಿಯ ಕಣ್ಣುಗಳ ಗುರುತು ಸಾಲಾಗಿ ಒತ್ತಿತ್ತು. ಜಗುಲಿಯ ಮೇಲೆ ನಾಲ್ಕಾರು ಜನ ಕೂತಿದ್ದರು.

"ಇದ್ಯಾರು ಮೂತಿಗ್ ಕಟ್ಟಿದ್ ಪುಣ್ಯಾತ್ಮರು" ಅಂದ ಬಸವರಾಜು.

ಸಣ್ಣಕ್ಕ ನನ್ನ ಮುಖ ನೋಡಿದಳು. ಗಂಗಯ್ಯ ಗೋಡೆಗೆ ಒರಗಿದ್ದವನು, "ನಾನೇಯ" ಅಂದ.

ಇಷ್ಟೆಲ್ಲ ತಿಳಿದವನು ಇಂಥ ಕೆಲಸ ಮಾಡುವುದಾ ಅಂತ ಬಸವರಾಜು ಬೈದ. ಜನವೂ ಒಂದೊಂದು ಮಾತು ಸೇರಿಸಿದರು. ಗೌಡರು ಹೇಳಿದ್ದು ಸುಳ್ಳಲ್ಲ ಅಂದವರೂ ಇದ್ದರು. ಇಪ್ಪತ್ತಾರು ವರ್ಷದಲ್ಲಿ ಒಂದು ಗಾಡಿಯನ್ನೂ ಕಾಯಿಸದ ಡ್ರೈವರು ತಲೆ ತಗ್ಗಿಸಿಕೊಂಡು ಎಲ್ಲ ಕೇಳಿಸಿಕೊಂಡ. ನಾನು ಒಳಗೆ ಹೋಗಿ ಒಲೆ ಊದಿದೆ. ಅವತ್ತು ಬಾಯಿ ಬಿಡಲಿಲ್ಲ, ಆಮೇಲೂ ಬಿಡಲಿಲ್ಲ. ಈಗ ಬರೆಯುತ್ತಿದ್ದೇನೆ. ಅವತ್ತಿನಿಂದ ಸಣ್ಣಕ್ಕ ನನಗೆ ತಟ್ಟೆ ಇಡುತ್ತಾಳೆ, ಊಟಕ್ಕೆ ಬಾ ಅಂತ ಕರೆಯುವುದಿಲ್ಲ.

ಗಾಡಿಯನ್ನು ಈಗ ನಾಗೇಶ ಓಡಿಸುತ್ತಾನೆ. ದಿನಾ ಬೆಳಿಗ್ಗೆ ಹೊರಡುವ ಮೊದಲು ಗಂಗಯ್ಯ ಗೋಡೆ ಹಿಡಿದುಕೊಂಡು ಅಂಗಳಕ್ಕಿಳಿದು ಬಂದು, ಜಾಲರಿಯ ಮೇಲೆ ಕೈಯಾಡಿಸಿ ಕಸ ತೆಗೆಯುತ್ತಾನೆ. ಮುಖ ಈಗಲೂ ಎಡಕ್ಕೇ ತಿರುಗಿರುತ್ತದೆ, ಯಾಕೆ ಅಂತ ನನಗೆ ಗೊತ್ತಿಲ್ಲ.

ಹೋದ ವರ್ಷದ ಆಯುಧಪೂಜೆಗೆ ನಾನು ಹೂವು ಕಟ್ಟಲಿಲ್ಲ. ಬರೀ ಕುಂಕುಮವಿಟ್ಟು ಕೈ ಮುಗಿದರು. ಮಾರನೇ ದಿನ ಬೆಳಿಗ್ಗೆ ಗಂಗಯ್ಯ ನನ್ನನ್ನು ಕೂಗಿದ.

"ಅತ್ಗೆ, ನಂಗ್ ಕೈಗೆ ಸಿಗ್ದಿರೋದು ಏನಾರ ಇದ್ದಾತು. ವಸಿ ನೀವ್ ನೋಡಿ ಯೋಳಿ."

ನನ್ನ ಕಣ್ಣಿಗೂ ಪೊರೆ ಬಂದಿದೆ, ಅದನ್ನು ಅವನಿಗೆ ಹೇಳಿಲ್ಲ. ಬಗ್ಗಿ ನೋಡಿದೆ. ಜಾಲರಿ ಮಬ್ಬಾಗಿ ಕಂಡಿತು.

"ಏನೂ ಇಲ್ಲ ಕಣಪ್ಪ" ಅಂದೆ.

ಅವನು ಇನ್ನೊಂದು ಸಲ ಮೇಲಿನಿಂದ ಕೆಳಕ್ಕೆ ಬೆರಳಾಡಿಸಿದ. ಕೆಳಗಿನ ಮೂಲೆಯಲ್ಲಿ ಬೆರಳು ನಿಂತಿತು. ಅಂಗೈಯಗಲದ ಒಂದು ಜೋಳದ ಸಿಪ್ಪೆಯನ್ನು ಬಿಡಿಸಿ ಎಳೆದ. ನಾನಿದ್ದ ಕಡೆಗೆ ಕೈ ಚಾಚಿದ. ನಾನು ಅದನ್ನು ಇಸಕೊಂಡೆ. ನಾಗೇಶ ಗಾಡಿ ಸ್ಟಾರ್ಟ್ ಮಾಡಿದ.