ಮದುವೆ ಕುದುರೆಯ ಬಲಗಾಲು

ಬಾಗಲಕೋಟೆಯ ನವನಗರದಲ್ಲಿ ನಾನು ಬಾಡಿಗೆಗಿರುವ ಕೋಣೆ ಮೇಲಿನ ಮಹಡಿಯಲ್ಲಿದೆ. ಹೋದ ತಿಂಗಳು ಒಂದು ಮುಂಜಾನೆ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಾಗ ಕೆಳಗಿನ ಮನೆಯಿಂದ ಹುರುಳಿ ಬೇಯುವ ವಾಸನೆ ಬಂತು. ಅವರಿಗೆ ಅದು ಮಧ್ಯಾಹ್ನದ ಕಟ್ಟಿನ ಸಾರು. ನನಗೆ ಮಾತ್ರ ಬಾದಾಮಿಯ ಹೊರಗಿನ ಒಂದು ತಗಡಿನ ಚಪ್ಪರ, ಮೂರು ಕಲ್ಲಿನ ಒಲೆ, ಡಬ್ಬಿಯಲ್ಲಿ ಕುದಿಯುವ ಹುರುಳಿಯನ್ನು ಕಟ್ಟಿಗೆಯಿಂದ ತಿರುವುತ್ತ ಕೂತ ಟಾಂಗಾ ಕಾಕಾ... ಪೆನ್ನು ಕೆಳಗಿಟ್ಟೆ.

ಕಾಕಾ ಮೂವತ್ತು ವರ್ಷ ಬಾದಾಮಿ ಸ್ಟೇಷನ್ನಿನಿಂದ ಊರಿಗೆ ಟಾಂಗಾ ಹೊಡೆದವನು. ಆಟೋಗಳು ಹೆಚ್ಚಾದ ಮೇಲೆ ಟಾಂಗಾ ಹತ್ತುವವರು ಕಡಿಮೆಯಾದರು. ಮುದಿಯಾದ ಕುದುರೆಯನ್ನು ಕೆರೂರ ರಸ್ತೆಯ ಗೋಶಾಲೆಗೆ ಬಿಟ್ಟುಹೋದ. ಮರುದಿನ ಅದನ್ನು ನೋಡಲು ಬಂದವನು ಅಲ್ಲಿಯೇ ಉಳಿದ. ನಾನು ಅವನನ್ನು ಮೊದಲು ಕಂಡಾಗ ಆ ಕುದುರೆ ಸತ್ತು ವರ್ಷವಾಗಿತ್ತು. ಕಾಕಾ ಮಾತ್ರ ಮನೆಗೆ ಹೋಗಿರಲಿಲ್ಲ.

ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಕೆಲಸದ ದಾರಿ ನೋಡುತ್ತ ನಾನು ಬಾದಾಮಿಯ ಸೋದರಮಾವನ ಮನೆಯಲ್ಲಿದ್ದ ದಿನಗಳವು. ಗೋಶಾಲೆಯ ಮೇಲ್ವಿಚಾರಣೆ ಮಾವನದು. ದನಗಳ ಜೊತೆ ಅಲ್ಲಿ ಐದು ಕುದುರೆಗಳಿದ್ದವು. ಔಷಧಿ ಕೊಡಲು ಕೈ ಬೇಕೆಂದಾಗ ನಾನು ಹೋಗತೊಡಗಿದೆ. ಅಲ್ಲಿ ಯಾರೂ ನನ್ನ ಮದುವೆಯ ಮಾತೆತ್ತುತ್ತಿರಲಿಲ್ಲ.

ಐದರಲ್ಲಿ ನಾಲ್ಕು ಟಾಂಗಾದಿಂದ ಬಂದವು. ಐದನೆಯದು ಇಳಕಲ್ಲಿನಿಂದ ಬಂದ ಬಿಳಿ ಹೆಣ್ಣು ಕುದುರೆ. ವರ್ಷಗಟ್ಟಲೆ ಮದುಮಕ್ಕಳನ್ನು ಹೊತ್ತು ಮೆರವಣಿಗೆಯಲ್ಲಿ ಕುಣಿದಿತ್ತು. ಹುನಗುಂದದಲ್ಲೊಮ್ಮೆ ಮದುಮಗನನ್ನು ಕೆಡವಿ ಅಡುಗೆಯವರ ನಡುವೆ ನುಗ್ಗಿತಂತೆ. ಅವನಿಗೆ ಏನೂ ಆಗಲಿಲ್ಲ. ಆದರೆ ಆಮೇಲೆ ಅದನ್ನು ಕರೆಸುವವರು ಇಲ್ಲವಾಗಿ ಮಾಲೀಕ ತಂದು ಬಿಟ್ಟಿದ್ದ. ಅದರ ಮುಂದಿನ ಬಲಗಾಲಿನ ಗೊರಸು ವಿಪರೀತ ಬೆಳೆದು ಸೀಳಿತ್ತು. ಗೊರಸು ಕೆತ್ತಿ ಲಾಳ ಹೊಡೆಯುವವನು ಎರಡು ಸಲ ಬಂದ. ಎರಡೂ ಸಲ ನಾಲ್ಕು ಜನ ಬಡಿಗೆ, ಹಗ್ಗ ಹಿಡಿದು ನಿಂತರು. ಎರಡನೇ ಸಲ ಒಬ್ಬ ಆಳಿನ ಮುಂಗೈ ಮುರಿಯಿತು.

ಆ ದಿನ ಮಾವ ತೀರ್ಮಾನ ಹೇಳಿದ. ತಿಂಗಳು ಬಿಟ್ಟು ಲಾಳದವನು ಮತ್ತೆ ಬರುತ್ತಾನೆ. ಆಗಲೂ ಕಾಲು ಕೊಡದಿದ್ದರೆ ಕುದುರೆಯನ್ನು ಕೆರೂರ ಸಂತೆಯ ದಲ್ಲಾಳಿಗೆ ಒಪ್ಪಿಸುವುದು. ಸೀಳಿದ ಗೊರಸಿನ ಕುದುರೆಯನ್ನು ದಲ್ಲಾಳಿ ಯಾವ ಗಾಡಿಗೆ ಹೂಡುತ್ತಾನೆ, ಅದು ಎಷ್ಟು ದಿನ ಎಳೆದೀತು ಎಂದು ಯಾರೂ ಕೇಳಲಿಲ್ಲ. ನಾನು ಪ್ರಯತ್ನ ಮಾಡುತ್ತೇನೆ ಎಂದೆ. ಮಾವ ನಕ್ಕ. ಬೇಡ ಎನ್ನಲಿಲ್ಲ.

ಎಂಟು ದಿನ, ದಿನಾ ಮುಂಜಾನೆ ಹೋದೆ. ಬೆಲ್ಲ ಕೊಟ್ಟೆ, ಮೆಲ್ಲಗೆ ಮಾತಾಡಿಸಿದೆ, ಭುಜದಿಂದ ಕೆಳಗೆ ಕೈಯಾಡಿಸಿದೆ. ಕೈ ಮೊಣಕಾಲು ದಾಟುತ್ತಲೇ ಶುರುವಾಗುತ್ತಿತ್ತು. ಕಾಲೆತ್ತಿ ಅಪ್ಪಳಿಸುವುದು, ಮತ್ತೆ ಎತ್ತುವುದು, ಕತ್ತು ಮೇಲಕ್ಕೆ, ಇಡೀ ಮೈ ತೂಗಾಟ. ನಾನು ಹಿಂದಕ್ಕೆ ಓಡುತ್ತಿದ್ದೆ. ಟಿಪ್ಪಣಿ ಪುಸ್ತಕದಲ್ಲಿ ‘ನೋವು? ಭಯ? ಸಿಟ್ಟು?’ ಎಂದು ಬರೆದಿಟ್ಟೆ. ಕಾಕಾ ದೂರದ ಕಲ್ಲಿನ ಮೇಲೆ ಕೂತು ನೋಡುತ್ತಿದ್ದ. ಒಂಬತ್ತನೆಯ ದಿನ ಕರೆದ.

“ತಂಗೀ, ನೀನs ಆಕಿಗೆ ಕುಣಿ ಅಂತಿ. ಆಕಿ ಕುಣದ ಕೂಡ್ಲೆ ಅಂಜಿ ಓಡ್ತಿ. ಆಕಿ ಏನ್ ಮಾಡಬೇಕು ಹೇಳು?”

ನಾನು ಯಾವಾಗ ಹಾಗೆಂದೆ ಎಂದು ಕೇಳಿದೆ.

“ಬಾಯಿಲೆ ಅಂದಿಲ್ಲ. ಕೈಲೆ ಅಂದಿ,” ಎಂದು ನನ್ನ ಮುಂಗೈ ತೋರಿಸಿದ.

ಎರಡೂ ಕೈಯಲ್ಲಿ ಡಜನ್ ಡಜನ್ ಹಸಿರು ಗಾಜಿನ ಬಳೆ. ಮಾವನ ಮಗಳ ಮದುವೆ ಆಗಷ್ಟೇ ಮುಗಿದಿತ್ತು, ಅತ್ತೆ ಇಡಿಸಿದ್ದಳು. ಕಾಕಾ ಬಿಡಿಸಿ ಹೇಳಿದ. ಮೆರವಣಿಗೆಗೆ ಕುದುರೆ ಕಲಿಸುವವರು ಕಾಲಿಗೆ ಗೆಜ್ಜೆ ಕಟ್ಟುತ್ತಾರೆ. ಗೆಜ್ಜೆ ಅಲುಗಿಸಿ ಕಾಲಿಗೆ ಬೆತ್ತದಿಂದ ಬಡಿಯುತ್ತಾರೆ. ಕಾಲು ಎತ್ತಿದರೆ ಬೆತ್ತ ನಿಲ್ಲುತ್ತದೆ. ಗಿಲಿಗಿಲಿ ಸಪ್ಪಳ, ಕಾಲಿಗೆ ಸ್ಪರ್ಶ. ಅದರ ಪಾಲಿಗೆ ಕುಣಿಯಲು ಅಷ್ಟೇ ಅಪ್ಪಣೆ. ಆಳುಗಳು ಬಡಿಗೆಯಿಂದ ಹೇಳಿದ್ದನ್ನೇ ನಾನು ಬಳೆಗಳಿಂದ ಹೇಳುತ್ತಿದ್ದೆ. ಅದು ಹೇಳಿದಂತೆ ಕೇಳುತ್ತಿತ್ತು. ನಾವು ಅದನ್ನು ಪುಂಡ ಕುದುರೆ ಎಂದೆವು.

ಪ್ರಾಣಿಗಳ ವರ್ತನೆಯ ಬಗ್ಗೆ ಇಡೀ ಒಂದು ಪತ್ರಿಕೆ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಆ ಸಂಜೆ ಬಚ್ಚಲಲ್ಲಿ ಸಬೂನು ಹಚ್ಚಿ ಬಳೆ ತೆಗೆಯಲು ಕೂತೆ. ಅತ್ತೆ ಕಂಡಳು.

“ಮದವಿ ಮನ್ಯಾಗ ಬರಿಗೈಲೆ ಅಡ್ಡಾಡ್ತಿಯೇನ? ಅದೂ ಒಂದ್ ಕುದುರಿ ಸಲುವಾಗಿ?”

ಅವಳು ನಗುತ್ತಲೇ ಹೇಳಿದಳು, ಆದರೆ ಒಂದು ಬಳೆಯನ್ನೂ ತೆಗೆಯಗೊಡಲಿಲ್ಲ. ಮರುದಿನ ಕಾಕಾನಿಗೆ ಹೇಳಿದೆ. ಅವನು ತಲೆಗೆ ಸುತ್ತಿದ್ದ ಪಟಕಾ ಬಿಚ್ಚಿ, ತುದಿಯಿಂದ ಎರಡು ಪಟ್ಟಿ ಹರಿದುಕೊಟ್ಟ. “ಅತ್ತಿ ಮಾತೂ ಉಳೀಲಿ, ಕುದುರಿ ಮಾತೂ ಉಳೀಲಿ.” ಬಳೆಗಳನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಕೊಂಡೆ.

ಮೊದಲ ಕೆಲವು ದಿನ ಕಾಕಾ ನನಗೆ ಕಾಲು ಮುಟ್ಟಲು ಬಿಡಲಿಲ್ಲ. ಕೊರಳ ಹಗ್ಗ ಹಿಡಿದು ಪಕ್ಕದಲ್ಲಿ ನಡೆಯುವುದು, ನಾನು ನಿಂತಾಗ ಅದು ನಿಲ್ಲುವವರೆಗೆ ಕಾಯುವುದು, ಅಷ್ಟೇ. ಹಗ್ಗ ಜಗ್ಗಿದರೆ ಕುದುರೆ ಹಗ್ಗದ ಜೊತೆ ಜಗಳಾಡುತ್ತದೆ, ಸಡಿಲ ಬಿಟ್ಟರೆ ನಿನ್ನ ಜೊತೆ ಮಾತಾಡುತ್ತದೆ ಎನ್ನುತ್ತಿದ್ದ. ಆಮೇಲೆ ಭುಜದ ಮೇಲೆ ಕೈ. ಅದು ಉಸಿರು ಬಿಟ್ಟು ತುಟಿ ಸಡಿಲಿಸುತ್ತಲೇ ಕೈ ತೆಗೆದು, ಬೆನ್ನು ತಿರುಗಿಸಿ ಹೊರಟುಬಿಡಬೇಕು. ಈಗಷ್ಟೇ ಸಮಾಧಾನವಾಗಿದೆ, ಈಗ ಯಾಕೆ ಹೋಗಬೇಕು ಎಂದು ವಾದಿಸಿದೆ.

“ನೀ ಹೋಗೂದs ಆಕಿ ಪಗಾರ,” ಎಂದ.

ನನ್ನ ಪುಸ್ತಕದಲ್ಲಿ ಪ್ರಶ್ನೆಗಳು ನಿಂತು, ಬರೀ ಜಾಗದ ಹೆಸರುಗಳು ಉಳಿದವು. ಹೊಸ ಎಣಿಕೆಯ ನಾಲ್ಕನೆಯ ದಿನ ಭುಜ, ಎಂಟನೆಯ ದಿನ ಮೊಣಕಾಲು. ಹನ್ನೊಂದನೆಯ ದಿನ ಮೊಣಕಾಲಿನ ಕೆಳಗೆ ಬೆರಳು ತಾಗುತ್ತಲೇ ಮತ್ತೆ ಕುಣಿತ ಶುರುವಾಯಿತು. ಓಡಬೇಕೆನ್ನುವಷ್ಟರಲ್ಲಿ ಹಿಂದಿನಿಂದ ಕಾಕಾನ ತಗ್ಗಿದ ದನಿ ಬಂತು. “ಕೈ ತಗೀಬ್ಯಾಡ. ಕಾಲು ಹ್ವಾದಲ್ಲಿ ನೀನೂ ಹೋಗು.”

ಏಳುವ ಬೀಳುವ ಕಾಲಿನ ಜೊತೆ ನನ್ನ ಕೈಯೂ ಹೋಯಿತು. ಒಂಬತ್ತು ಸಲ ಎಣಿಸಿದೆ. ಹತ್ತನೆಯ ಸಲ ಕಾಲು ನೆಲದ ಮೇಲೇ ನಿಂತಿತು. ಕೈ ತೆಗೆದೆ, ಬೆನ್ನು ತಿರುಗಿಸಿ ಹೊರಟೆ. ಹಿಂದೆ ಹೆಜ್ಜೆ ಸಪ್ಪಳ... ಹಗ್ಗ ಎಳೆದುಕೊಂಡು ಅದು ನನ್ನ ಹಿಂದೆಯೇ ಬಂದಿತ್ತು. ಬೆನ್ನ ಮೇಲೆ ಬಿಸಿ ಉಸಿರು. ನಾನು ತಿರುಗಲಿಲ್ಲ. ಯಾರೂ ನನ್ನ ಮುಖ ನೋಡುವುದು ಬೇಕಿರಲಿಲ್ಲ.

ಆಮೇಲೆ ಕಾಕಾ ಬಟ್ಟೆಯನ್ನು ಸ್ವಲ್ಪ ಸ್ವಲ್ಪವಾಗಿ ಬಿಚ್ಚಿಸಿದ. ಒಂದು ದಿನ ಎರಡು ಬಳೆ ಹೊರಗೆ, ಇನ್ನೊಂದು ದಿನ ನಾಲ್ಕು. “ಊರ ತುಂಬ ಬಳಿ ಸಪ್ಪಳ ಐತಿ. ಎಷ್ಟ್ ಮಂದಿ ಕೈಗೆ ಬಟ್ಟಿ ಸುತ್ತಾಕಿ?” ನಿಲ್ಲುವುದು ಬಂದ ಮೇಲೆ ಕಾಲು ಕೊಡುವುದನ್ನು ಕಲಿಸಿದೆವು. ಗೊರಸಿಗಿಂತ ತುಸು ಮೇಲೆ, ಹಿಂಬದಿಯಲ್ಲಿ ಎರಡು ಬೆರಳು ಒತ್ತಿ, ಕೊಡವ್ವಾ ಎನ್ನಬೇಕು.

ಲಾಳದವನು ಬಂದ ದಿನ ಹಗ್ಗ ಹಿಡಿದು ಮತ್ತೆ ನಾಲ್ಕು ಜನ ಬಂದಿದ್ದರು. ಮಾವ ಕೈಕಟ್ಟಿ ನಿಂತಿದ್ದ. ಹಗ್ಗಗಳನ್ನು ಗೇಟಿನಾಚೆ ಇಡಲು ಹೇಳಿ ಕಾಕಾ ತನ್ನ ಕಲ್ಲಿನ ಮೇಲೆ ಕೂತುಬಿಟ್ಟ. ಬೆನ್ನು ನೋಯುತ್ತಿದೆಯಂತೆ.

“ನೀನs ಕೇಳು.”

ಬಟ್ಟೆಯಿಲ್ಲದ ಬಳೆಗಳ ಕೈಯನ್ನು ಭುಜದ ಮೇಲಿಟ್ಟೆ, ಕೆಳಗಿಳಿಸಿದೆ, ಒತ್ತಿದೆ. “ಕೊಡವ್ವಾ.” ಕಾಲು ಎದ್ದು ನೆಲಕ್ಕೆ ಅಪ್ಪಳಿಸಿತು. ಹಿಂದೆ ಯಾರೋ ಹಗ್ಗದ ಕಡೆ ಹೋದ ಸಪ್ಪಳ ಕೇಳಿತು. ಕೈ ಅಲ್ಲಿಯೇ ಬಿಟ್ಟೆ. ಮತ್ತೊಮ್ಮೆ ಕೇಳಿದೆ. ಈ ಸಲ ಕಾಲು ಮೆಲ್ಲಗೆ ಎದ್ದು, ತನ್ನ ಭಾರವನ್ನೆಲ್ಲ ನನ್ನ ಅಂಗೈಯಲ್ಲಿ ಇಟ್ಟಿತು. ಲಾಳದವನು ಕೆತ್ತುತ್ತಿದ್ದಷ್ಟು ಹೊತ್ತೂ ಅದರ ಚರ್ಮ ನಡುಗುತ್ತಿತ್ತು. ಕಾಲನ್ನು ಮಾತ್ರ ಎಳೆದುಕೊಳ್ಳಲಿಲ್ಲ. ಮುಗಿದ ಮೇಲೆ ಮಾವ, ದಲ್ಲಾಳಿಗೆ ಬರುವುದು ಬೇಡವೆಂದು ಹೇಳಿಕಳಿಸಿದ. ಕಾಕಾ ಹೇಳಿದ್ದು ಇಷ್ಟೇ: “ಎಡಗಾಲ ಕೂಡ ಕೇಳು. ಇಲ್ಲಾಂದ್ರ ಅದಕ್ಕ ಹೊಟ್ಟಿಕಿಚ್ಚ ಬಂದೀತು.”

ಇದೆಲ್ಲ ಹೇಗೆ ಗೊತ್ತು ಎಂದು ಆ ಸಂಜೆ ಕೇಳಿದ್ದೆ. ಡಬ್ಬಿಯ ಹುರುಳಿ ತಿರುವುತ್ತ ಹೇಳಿದ. “ಹರೇದಾಗ ನಾನೂ ಎರಡ್ ಕುದುರಿಗೆ ಕುಣಿಯೂದು ಕಲಿಸೇನಿ, ತಂಗೀ. ಬೆತ್ತ ನನ್ನ ಕೈಯಾಗs ಇತ್ತು.”

ಕೆಲಸ ಸಿಕ್ಕಿತು, ಬಾಗಲಕೋಟೆಗೆ ಬಂದುಬಿಟ್ಟೆ. ಒಂದೆರಡು ದೀಪಾವಳಿಗೆ ಹೋಗಿದ್ದೆ, ಆಮೇಲೆ ಅದೂ ತಪ್ಪಿತು. ಕಾಕಾ ತೀರಿಕೊಂಡದ್ದನ್ನು ಮಾವ ಫೋನಿನಲ್ಲಿ, ಬೇರೆ ಎರಡು ಸುದ್ದಿಗಳ ನಡುವೆ ಹೇಳಿದ. ಯಾವ ದಿನ ಎಂದೆ. ಹದಿನೈದು ದಿನವಾಗಿರಬೇಕು ಎಂದ. ಕುದುರೆಯ ಒಂದೊಂದು ದಿನವನ್ನೂ ಬರೆದಿಟ್ಟವಳ ಬಳಿ ಆ ಒಂದು ದಿನ ಇಲ್ಲ...

ಹೋದ ಭಾನುವಾರ ಬಾದಾಮಿಗೆ ಹೋದೆ. ಕಾಕಾ ಕೂರುತ್ತಿದ್ದ ಕಲ್ಲಿನ ಮೇಲೆ ಹಿಂಡಿಯ ಚೀಲ ಪೇರಿಸಿದ್ದರು. ಬಿಳಿ ಕುದುರೆಗೆ ವಯಸ್ಸಾಗಿದೆ, ಕಣ್ಣಿನ ಮೇಲೆ ಗುಳಿ ಬಿದ್ದಿದೆ. ನನ್ನ ಗುರುತು ಹತ್ತಿತೆಂದು ಹೇಳಲಾರೆ. ಕಾಕಾ ಹೋದ ಮೇಲೆ ಸೇರಿದ ಆಳೊಬ್ಬ ಅದರ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸಿನ ಮಣ್ಣು ತೆಗೆಯುತ್ತಿದ್ದ. ಹಗ್ಗವಿರಲಿಲ್ಲ.

“ಅಂಜಬ್ಯಾಡ್ರಿ ಅಕ್ಕಾರ, ಈಕಿ ಭಾಳ ಸಾದಾ. ಮೊದಲಿಂದೂ ಹಿಂಗs ಅದಾಳ,” ಎಂದ.

ಕಾಕಾನ ಬಗ್ಗೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಬಲಗಾಲು ಇಳಿಸಿ, ಮೈಮುರಿದು ಆ ಬದಿಗೆ ಹೋದ. ಅವನು ಬಗ್ಗುವ ಮೊದಲೇ ಕುದುರೆ ಎಡಗಾಲೆತ್ತಿ ಕಾಯುತ್ತ ನಿಂತಿತು.