ಮೂಗಪ್ಪನ ಮೀನಿನ ಸೀಸೆ

ಮೆದುಳಿನ ಚಿತ್ರ ತೆಗೆಯುವ ಕೇಂದ್ರದಲ್ಲಿ ಅವನನ್ನು ಎಲ್ಲರೂ ಮೂಗಪ್ಪ ಎಂದೇ ಕರೆಯುತ್ತಿದ್ದರು. ಸ್ಕ್ಯಾನ್ ಯಂತ್ರದೊಳಗೆ ಮಲಗಿದವರ ಮೂಗಿಗೆ ಬಗೆಬಗೆಯ ವಾಸನೆ ಊದುವ ಪೆಟ್ಟಿಗೆ ಅವನ ವಶದಲ್ಲಿತ್ತು. ಯಂತ್ರದ ಹತ್ತಿರ ಕಬ್ಬಿಣ ಒಯ್ಯುವಂತಿಲ್ಲ. ಹಾಗಾಗಿ ಪೆಟ್ಟಿಗೆ ಪಕ್ಕದ ಕೋಣೆಯಲ್ಲಿ, ಗೋಡೆಯ ತೂತಿನಿಂದ ಪ್ಲಾಸ್ಟಿಕ್ ಕೊಳವೆ ಮಾತ್ರ ಒಳಕ್ಕೆ. ಗುಲಾಬಿ, ನಿಂಬೆ, ಕೊಳೆತ ಮೀನು. ಸೀಸೆಗಳನ್ನು ಮೂಸಿ ‘ಸರಿಯಿದೆ’ ಎನ್ನುವುದೇ ಇವನ ಉದ್ಯೋಗ. ಜಂಬಕ್ಕೆ ಅಷ್ಟು ಸಾಕಿತ್ತು.

ಹೊರಗೆ ಥಳುಕು, ಒಳಗೆ ಹುಳುಕು. ಒಂದು ಜ್ವರ ಬಂದು ಹೋದಾಗಿನಿಂದ ಆ ಮೂಗು ಸತ್ತಿತ್ತು. ಹೇಳಿದರೆ ಕೆಲಸ ಹೋಗುತ್ತದೆ. ಸೀಸೆಗಳನ್ನು ಊಟದ ಚೀಲದಲ್ಲಿ ಮನೆಗೆ ಸಾಗಿಸುತ್ತಿದ್ದ. ಹೆಂಡತಿ ಮೂಸಿ ಹೇಳುತ್ತಿದ್ದಳು. ಮರುದಿನ ಕಣ್ಣು ಮುಚ್ಚಿ, ಮೂಗರಳಿಸಿ, ಅವಳ ಮಾತನ್ನೇ ಒಪ್ಪಿಸುತ್ತಿದ್ದ. ಸಂಬಳ ಇವನಿಗೆ, ಸೀನು ಅವಳಿಗೆ.

ಒಂದು ದಿನ ಹಣ ಕೊಡುವ ದೊಡ್ಡವರು ನೋಡಲು ಬಂದರು. ಯಂತ್ರದೊಳಗೆ ಮಲಗಬೇಕಾದವನು ಕೈಕೊಟ್ಟ.

“ನೀವೇ ಮಲ್ಕೊಳ್ಳಿ. ನಿಮ್ಮಂಥ ಮೂಗು ಯಾರಿಗಿದೆ? ಪೆಟ್ಟಿಗೆ ನಾನು ನೋಡ್ಕೋತೀನಿ” ಎಂದರು ಪ್ರೊಫೆಸರು.

ಮೂಗಪ್ಪ ಯಂತ್ರದೊಳಗೆ ಮಲಗಿ ಎಳೆದೆಳೆದು ಉಸಿರು ತೆಗೆದುಕೊಂಡ. ಏನೂ ಇಲ್ಲ. ವಾಸನೆಗಳ ಸರದಿಯನ್ನು ದಿನವೂ ಬದಲಿಸಬೇಕೆಂಬ ನಿಯಮವಿತ್ತು. ಸೋಮಾರಿ, ಎಂದೂ ಬದಲಿಸಿರಲಿಲ್ಲ. ‘ಈಗ ಹೇಳಿ’ ಎಂಬ ದನಿ ಬಂದಾಗಲೆಲ್ಲ ಬಾಯಿಪಾಠ ಒಪ್ಪಿಸಿದ: “ಗುಲಾಬಿ. ನಿಂಬೆ. ಅಯ್ಯಪ್ಪಾ, ಮೀನು!” ಪ್ರೊಫೆಸರು ಪರದೆಯ ಮೇಲಿನ ಕೆಂಪು ಚುಕ್ಕಿ ತೋರಿಸಿ, “ನೋಡಿ, ಮೀನು ಬಂದದ್ದು ಇಲ್ಲೇ” ಎಂದರು. ದೊಡ್ಡವರು ಚಪ್ಪಾಳೆ ತಟ್ಟಿದರು.

ಅವರು ಹೋದ ಮೇಲೆ ಪ್ರೊಫೆಸರು ಬೆವರುತ್ತ ಬಂದರು. “ರೀ, ಗಡಿಬಿಡೀಲಿ ನಾನು ಕೊಳವೇನೇ ಸಿಗಿಸಿರ್ಲಿಲ್ಲ. ನಿಮಗೆ ಮೀನು ಎಲ್ಲಿಂದ ಬಂತು?”

“ನಿಮ್ಮ ಪರದೆಗೆ ಎಲ್ಲಿಂದ ಬಂತೋ ಅಲ್ಲಿಂದ್ಲೇ ಸಾರ್.”

ಇಬ್ಬರ ಬಾಯಿಗೂ ಬೀಗ ಬಿತ್ತು. ಕೆಲಸ ಉಳಿಯಿತು.

ಆದರೆ ಮೂಗಪ್ಪನ ತಲೆಯಲ್ಲಿ ಒಂದೇ ಮಾತು ಕುಣಿಯುತ್ತಿತ್ತು: ಕೊಳವೆ ಸಿಗಿಸಿರಲಿಲ್ಲ! ಹಾಗಾದರೆ ವಾಸನೆ ಬರದಿದ್ದದ್ದು ತನ್ನ ಮೂಗಿನ ತಪ್ಪಲ್ಲ. ಅಷ್ಟು ದಿನ ಏನೂ ಬಾರದಿದ್ದದ್ದನ್ನು ಆ ಪೆದ್ದ ಮರೆತೇಬಿಟ್ಟ. ಮೀನಿನ ಸೀಸೆ ಹಿಡಿದು ಮನೆಗೆ ಓಡಿದ. ಬಾಗಿಲಲ್ಲೇ ಕುಳಿತು ಮುಚ್ಚಳ ತೆಗೆದು ಮೂಗಿಗೆ ಒತ್ತಿದ.

ಹೆಂಡತಿ ಮೂಗು ಹಿಡಿದುಕೊಂಡೇ ಬಂದಳು. “ಥೂ! ಮುಚ್ಚಿ ರೀ ಅದನ್ನ!”

“ಇರೇ, ಇನ್ನೊಂದ್ಸಲ ನೋಡ್ತೀನಿ.”

ಬಾಯಿಗೆ ಬಂದ ಬೈಗುಳವನ್ನು ಅವನ ಮುಖ ನೋಡಿ ನುಂಗಿಕೊಂಡಳು. ಪಾಪ ಅನಿಸಿತು. ಮೂಗಿನಿಂದ ಕೈ ತೆಗೆದು, ಆ ನಾತದಲ್ಲೇ ಅವನ ಪಕ್ಕ ಕುಳಿತಳು.